ಗುರುತೋ ಮಡಿಕೆಯೋ: ಟ್ರೂಬಿ ಕಿಣ್ವದ ಪ್ರಯೋಜನವನ್ನು ಕುರಿತು

ವರ್ಗಾವಣೆ ಆರ್‌ಎನ್‌ಎಯ 55ನೆಯ ಸ್ಥಾನದ ಯುರಿಡಿನ್ ಬಹುಮಟ್ಟಿಗೆ ಎಲ್ಲ ಜೀವಿಗಳಲ್ಲಿಯೂ ಸೂಡೋಯುರಿಡಿನ್ ಆಗಿ ಮಾರ್ಪಟ್ಟಿರುವುದೂ, ಬ್ಯಾಕ್ಟೀರಿಯಗಳಲ್ಲಿ ಈ ಕಾರ್ಯವನ್ನು ಟ್ರೂಬಿ ಎಂಬ ಕಿಣ್ವ ನೆರವೇರಿಸುವುದೂ ನಿರ್ವಿವಾದ. ಈ ಮಾರ್ಪಾಡಿನಲ್ಲಿ ಒಂದು ಪರಮಾಣುವೂ ಸೇರದು, ಒಂದೂ ಕಳೆಯದು; ಸಾರಜನಕದ ಮೂಲಕ ಸಕ್ಕರೆಗೆ ಅಂಟಿದ್ದ ಪ್ರತ್ಯಾಮ್ಲವು ಕಳಚಿ, ಹೊರಳಿ, ಇಂಗಾಲದ ಮೂಲಕ ಅದೇ ಸಕ್ಕರೆಯನ್ನು ಮರಳಿ ಕೂಡುತ್ತದೆ.

ಕಿಣ್ವವಿರುವುದು ಈ ಗುರುತನ್ನು ಒತ್ತುವುದಕ್ಕಾಗಿಯೇ ಎಂಬುದು ಸಹಜವಾದ ಊಹೆ. ಆದರೆ 2000ದಲ್ಲಿ ಆಫೆಂಗಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಅದನ್ನು ಅಲುಗಿಸಿತು. ಟ್ರೂಬಿ ಇಲ್ಲದ ಇ. ಕೋಲಿ ತಳಿಯು ಒಂಟಿಯಾಗಿ ಬೆಳೆವಾಗ ಯಾವ ಕೊರತೆಯನ್ನೂ ತೋರದೆ, ಸಹಜ ತಳಿಯೊಡನೆ ಒಂದೇ ಪಾತ್ರೆಯಲ್ಲಿ ಸ್ಪರ್ಧೆಗೆ ನಿಂತಾಗ ಹಿಂದೆ ಬಿದ್ದಿತು. 48ನೆಯ ಆಸ್ಪಾರ್ಟೇಟನ್ನು ಸಿಸ್ಟೀನಾಗಿ ಬದಲಿಸಿ ರಾಸಾಯನಿಕ ಸಾಮರ್ಥ್ಯವನ್ನು ಕಳೆದ ಕಿಣ್ವವನ್ನು ಒದಗಿಸಿದರೂ ಆ ತಳಿ ಚೇತರಿಸಿಕೊಂಡಿತು. ಗುರುತು ಬೀಳಲಿಲ್ಲ, ಪ್ರಯೋಜನ ಮಾತ್ರ ದೊರೆಯಿತು.

ಹಾಗಾದರೆ ಕಿಣ್ವ ಮಾಡಿದುದೇನು? ಆರ್‌ಎನ್‌ಎ ಸರಿಯಾಗಿ ಮಡಿಯಲು ಅದು ನೆರವಾಗುತ್ತದೆಂಬ ಉತ್ತರಕ್ಕೆ ಎದುರಾಗುವ ಆಕ್ಷೇಪವೊಂದುಂಟು. 2001ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯಲ್ಲಿ, ಟ್ರೂಬಿಯ ಹಿಡಿತಕ್ಕೆ ಸಿಕ್ಕ ಟಿ-ಕುಣಿಕೆಯ 55ನೆಯ ಪ್ರತ್ಯಾಮ್ಲವು ಹೊರಕ್ಕೆ ತಿರುಗಿ ಕಿಣ್ವದ ಗರ್ಭಕ್ಕೆ ಚಾಚಿದೆ. ಇಡಿಯ ಅಣುವಿನಲ್ಲಿ ಇದು ನಡೆಯಬೇಕಾದರೆ, ಡಿ-ಕುಣಿಕೆಯೂ ಟಿ-ಕುಣಿಕೆಯೂ ಮೊಣಕೈಯಂಥ ತಿರುವಿನಲ್ಲಿ ಬೆಸೆದುಕೊಂಡಿರುವ ಕಟ್ಟು ಬಿಚ್ಚಲೇಬೇಕು. ಬಿಚ್ಚುವುದು ಕಟ್ಟುವುದಕ್ಕೆ ಹೇಗೆ ನೆರವಾದೀತು? ನನಗೆ ತೋರುವಂತೆ ಆಕ್ಷೇಪದಲ್ಲಿಯೇ ಉತ್ತರವೂ ಅಡಗಿದೆ. ತಪ್ಪಾಗಿ ಮಡಿದ ಅಣುವಿಗೆ ಬೇಕಾದುದು ಬಿಡುಗಡೆ. ಒಮ್ಮೆ ಬಿಚ್ಚಲ್ಪಟ್ಟರೆ ಸರಿಯಾಗಿ ಮಡಿಯಲು ಅದಕ್ಕೆ ಮತ್ತೊಂದು ಅವಕಾಶ ಒದಗುತ್ತದೆ. 2016ರಲ್ಲಿ ಕೆನಡದ ಲೆತ್‌ಬ್ರಿಡ್ಜಿನ ಊಟೆ ಕೋಥೆಯವರ ತಂಡ ಪ್ರಯೋಗನಳಿಕೆಯಲ್ಲಿ ಕಂಡುದೂ ಇದನ್ನೇ: ರಾಸಾಯನಿಕ ಕ್ರಿಯೆ ಇಲ್ಲದೆಯೂ ಟ್ರೂಬಿ ಆರ್‌ಎನ್‌ಎಯನ್ನು ಮಡಿಸಬಲ್ಲುದು, ಆದರೆ ಅದನ್ನು ಹಿಡಿಯುವ ಶಕ್ತಿ ಅದಕ್ಕೆ ಇರಲೇಬೇಕು.

ಆದುದರಿಂದ ಟ್ರೂಬಿಗೆ ಮಡಿಕೆಯೇ ಮುಖ್ಯ, ಗುರುತು ಗೌಣ ಎನ್ನಲು ಧೈರ್ಯ ಮಾಡುತ್ತೇನೆ, ಆದರೆ ಇ. ಕೋಲಿಯ ಮಟ್ಟಿಗೆ, ಅದೂ ಸಾಧಾರಣ ಉಷ್ಣತೆಯಲ್ಲಿ ಮಾತ್ರ. ಏಕೆಂದರೆ 37ರಿಂದ 50 ಡಿಗ್ರಿಗೆ ಥಟ್ಟನೆ ಒಯ್ದಾಗ ಟ್ರೂಬಿ ಇಲ್ಲದ ತಳಿ ಉಳಿವಿನಲ್ಲಿ ಸೋಲುವುದನ್ನು 2002ರಲ್ಲಿ ಕಂಡ ಸಂಶೋಧಕರು, ತೀವ್ರ ಉಷ್ಣವನ್ನು ತಾಳುವುದರಲ್ಲಿ ಗುರುತಿಗೇ ಪಾತ್ರವುಂಟೆಂದು ವಾದಿಸಿದ್ದಾರೆ. ಆ ವಾದವನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ. ಮಡಿಕೆಯ ಅಧಿಕಾರ ಯಾವ ಉಷ್ಣತೆಯಲ್ಲಿ ಮುಗಿದು ಗುರುತಿನದು ಎಲ್ಲಿ ತೊಡಗುತ್ತದೆಂಬುದು ಜೀವಕೋಶದೊಳಗಿನ ಅಳತೆಗಳಿಂದಲೇ ತೀರ್ಮಾನವಾಗಬೇಕು.