ರನ್‌ವೇ ಏರ್‌ಬಸ್‌ಗೆ, ಬರೋದು ಎಟಿಆರ್: ಸೋಗಾನೆಯಲ್ಲಿ ನಿಂತು ನೋಡಿದ ಫ್ಯಾನ್ ವಿಮಾನಗಳ ಚರಿತ್ರೆ

2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಯಲ್ಲಿ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ಬೆಂಗಳೂರಿನಿಂದ ಬಂದ ಇಂಡಿಗೋದ ಎಟಿಆರ್-72 ಅದು. ಅದು ಇಳಿದ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಉದ್ದನೆಯದು ಎಂದು ಎಲ್ಲ ಭಾಷಣಗಳಲ್ಲೂ ಹೇಳಿಸಿಕೊಂಡ ರನ್‌ವೇ. ಇಳಿದ ವಿಮಾನಕ್ಕೆ ಅದರ ಅರ್ಧವೂ ಬೇಕಿರಲಿಲ್ಲ.

"ಅಯ್ಯೋ, ಇದು ಫ್ಯಾನ್ ವಿಮಾನ ಕಣೋ" ಅನ್ನೋ ಮಾತು ಎಟಿಆರ್ ಹತ್ತುವವರ ಬಾಯಲ್ಲಿ ಇವತ್ತಿಗೂ ಬರುತ್ತೆ. ಫ್ಯಾನ್ ಇದ್ದರೆ ಹಳೇದು, ಸಣ್ಣದು, ಸ್ವಲ್ಪ ಭಯದ್ದು ಅನ್ನೋ ಭಾವನೆ. ಇನ್ನೊಂದು ಕಡೆ, ಹಿಂದಿನ ತಲೆಮಾರಿನ ಪ್ರಯಾಣಿಕರಿಗೆ ಇದೇ ವಿಮಾನ ಅಂದರೆ ಹಳೆಯ ನೆನಪು. ಏರೋಬ್ರಿಜ್ ಇಲ್ಲದೆ ಬಿಸಿಲಲ್ಲಿ ನಡೆದು ಹೋಗುವುದು, ಬಾಲದ ಕಡೆಯ ಪುಟ್ಟ ಬಾಗಿಲಿನಿಂದ ಹತ್ತುವುದು, ಕಿಟಕಿಯಾಚೆ ಪ್ರೊಪೆಲ್ಲರ್ ತಿರುಗುತ್ತಾ ತಿರುಗುತ್ತಾ ಕಣ್ಣಿಗೆ ಮಾಯವಾಗುವುದು. ಎಟಿಆರ್‌ನ ರೆಕ್ಕೆ ಮೇಲ್ಗಡೆ ಇರುವುದರಿಂದ ನೆಲ ಅಡ್ಡಿಯಿಲ್ಲದೆ ಕಾಣುತ್ತೆ. ಹಾರುವ ಎತ್ತರವೂ ಜೆಟ್‌ಗಿಂತ ಕಡಿಮೆ. ಮಲೆನಾಡಿನ ಅಡಿಕೆ ತೋಟ, ಗದ್ದೆಯ ಬದುಗಳನ್ನು ನೋಡುತ್ತಾ ಬರಬೇಕೆಂದರೆ ಇದಕ್ಕಿಂತ ಒಳ್ಳೆಯ ಸೀಟು ಸಿಗಲ್ಲ.

ಆದರೆ ಶಿವಮೊಗ್ಗಕ್ಕೆ ಈ ನೆನಪಿನ ಹಕ್ಕೇ ಇರಲಿಲ್ಲ. ಮಂಗಳೂರಿನ ಬಜ್ಪೆಗೆ 1951ರಲ್ಲೇ ವಿಮಾನ ಬಂದಿತ್ತು. ಶಿವಮೊಗ್ಗ, ಭದ್ರಾವತಿಯವರು ವಿಮಾನ ಹತ್ತಲು ಎಪ್ಪತ್ತು ವರ್ಷ ಬೇರೆ ಊರಿಗೇ ಹೋಗಬೇಕಾಯಿತು. ಬೇರೆಯವರ ನಾಸ್ಟಾಲ್ಜಿಯಾ ನಮಗೆ ವರ್ತಮಾನ.

ಫ್ಯಾನ್ ಹಳೇದಲ್ಲ

ಟರ್ಬೋಪ್ರಾಪ್ ಒಳಗೆ ಇರುವುದೂ ಜೆಟ್ ಎಂಜಿನ್ನಿನಂಥದ್ದೇ ಟರ್ಬೈನ್. ವ್ಯತ್ಯಾಸ ಇಷ್ಟೇ: ಬಿಸಿ ಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿ ವಿಮಾನವನ್ನು ತಳ್ಳುವ ಬದಲು, ಆ ಶಕ್ತಿಯ ಬಹುಪಾಲನ್ನು ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸಲು ಬಳಸುತ್ತಾರೆ. ಎಟಿಆರ್ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು, ಜೆಟ್‌ಗಿಂತ ಎಷ್ಟೋ ಕಡಿಮೆ. ಬೆಂಗಳೂರು-ಶಿವಮೊಗ್ಗದಂಥ ದಾರಿಯಲ್ಲಿ ಆ ವೇಗದ ವ್ಯತ್ಯಾಸ ಕೆಲವು ನಿಮಿಷ ಅಷ್ಟೇ. ಜೆಟ್ ತನ್ನ ಎತ್ತರ ಮುಟ್ಟುವ ಹೊತ್ತಿಗೆ ಇಳಿಯೋ ಸಮಯ ಬಂದಿರುತ್ತೆ. ಇಂಧನ ಮಾತ್ರ ಟರ್ಬೋಪ್ರಾಪ್‌ಗೆ ಬಹಳ ಕಡಿಮೆ ಸಾಕು.

ಇದಕ್ಕೆ ಸರ್ಕಾರಿ ನಿಯಮವೂ ಸೇರಿಕೊಂಡಿತು. 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕ ಇಲ್ಲ. ಸಣ್ಣ ವಿಮಾನಗಳ ಇಂಧನದ ಮೇಲೆ ರಾಜ್ಯಗಳು ಹಾಕುವ ತೆರಿಗೆಗೂ ಕಡಿಮೆ ದರದ ಮಿತಿ ಇದೆ. ಇಂಡಿಗೋ ತನ್ನ ಎಟಿಆರ್‌ನಲ್ಲಿ ಸರಿಯಾಗಿ 78 ಸೀಟು ಹಾಕಿಸಿರುವುದರಲ್ಲಿ ಆ 80ರ ಗೆರೆಯ ಲೆಕ್ಕವೂ ಕಾಣುತ್ತೆ. ಇಂಥ ದಾರಿಗೆ ಯಾವ ವಿಮಾನ ಬರಬೇಕು ಅನ್ನೋದನ್ನು ಎಂಜಿನಿಯರ್ ಎಷ್ಟು ತೀರ್ಮಾನಿಸುತ್ತಾನೋ ತೆರಿಗೆ ಇಲಾಖೆಯೂ ಅಷ್ಟೇ ತೀರ್ಮಾನಿಸುತ್ತೆ.

ಬಂದವು, ಹೋದವು

ಭಾರತದಲ್ಲಿ ಈ ಸಂತತಿಯ ಮೊದಲನೆಯದು ವಿಕರ್ಸ್ ವೈಕೌಂಟ್. ಇಂಡಿಯನ್ ಏರ್‌ಲೈನ್ಸ್ ಅದನ್ನು 1957ರಿಂದ ಹಾರಿಸಿತು. ಆಮೇಲೆ ಫೋಕರ್ ಎಫ್-27, ಜೊತೆಗೆ ಆವ್ರೋ ಎಂದೇ ಹೆಸರಾದ ಎಚ್‌ಎಸ್-748. ಮೂರಕ್ಕೂ ರೋಲ್ಸ್ ರಾಯ್ಸ್‌ನ ಡಾರ್ಟ್ ಎಂಜಿನ್. ಅದರ ಕಿವಿ ಸೀಳುವ ಕೀರಲು ಸದ್ದು ಕೇಳಿದವರು ಮರೆತಿಲ್ಲ. ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೋ 1961ರಲ್ಲಿ ಹಾರಿತು. ವಾಯುಪಡೆ ಅದನ್ನು ಆರು ದಶಕ ದುಡಿಸಿಕೊಂಡು, ಅದರ ಜಾಗಕ್ಕೆ 56 ಸಿ-295 ವಿಮಾನಗಳಿಗೆ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದೂ ಫ್ಯಾನ್ ವಿಮಾನವೇ!

ಸಣ್ಣ ಊರುಗಳಿಗೆ ವಿಮಾನ ಅನ್ನೋ ಕಲ್ಪನೆ ಉಡಾನ್‌ನಿಂದ ಶುರುವಾದದ್ದೇನಲ್ಲ. 1981ರಲ್ಲೇ ಸರ್ಕಾರ ವಾಯುದೂತ್ ಕಟ್ಟಿತು. ಎಚ್‌ಎಎಲ್ ತಯಾರಿಸಿದ 19 ಸೀಟಿನ ಡಾರ್ನಿಯರ್ ಅದರ ಮುಖ್ಯ ಕುದುರೆ. ಉಚ್ಛ್ರಾಯದಲ್ಲಿ ನೂರರ ಆಸುಪಾಸು ಊರುಗಳನ್ನು ಮುಟ್ಟಿದ ಸಂಸ್ಥೆ ನಷ್ಟದಲ್ಲಿ ಮುಳುಗಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು.

ಹತ್ತು ವರ್ಷ ಬಿಟ್ಟು ಬಂದವರು ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿದ್ದು 48 ಸೀಟಿನ ಎಟಿಆರ್-42 ಇಟ್ಟುಕೊಂಡು. ಹುಬ್ಬಳ್ಳಿಯಂಥ ಊರುಗಳೇ ಅದರ ಮೊದಲ ಗುರಿ. ಒಂದು ರೂಪಾಯಿ ಟಿಕೆಟ್ಟಿನ ಕಥೆ ಎಲ್ಲರಿಗೂ ಗೊತ್ತು. ಸೂರ್ಯ ನಟಿಸಿದ ಸಿನಿಮಾ ನೋಡಿದವರಿಗೆ ಉಳಿದದ್ದೂ ಗೊತ್ತಿದೆ ಅನ್ನಿಸಬಹುದು. ಸಿನಿಮಾ ನಿಲ್ಲುವ ಜಾಗದಿಂದಲೇ ನಮ್ಮ ಕಥೆ ಶುರು. ಡೆಕ್ಕನ್ ಕಿಂಗ್‌ಫಿಷರ್ ಪಾಲಾಯಿತು, ಕಿಂಗ್‌ಫಿಷರ್ 2012ರಲ್ಲಿ ನೆಲ ಕಚ್ಚಿತು.

ಇದರ ಬಿಸಿ ತಾಗಿದ ಮೈಸೂರಿನ ಪಟ್ಟಿ ನೋಡಿ. 2010ರಲ್ಲಿ ಹೊಸ ಟರ್ಮಿನಲ್, ಕಿಂಗ್‌ಫಿಷರ್‌ನ ಎಟಿಆರ್. 2011ರಲ್ಲಿ ಬಂದ್. 2013ರಲ್ಲಿ ಸ್ಪೈಸ್‌ಜೆಟ್‌ನ ಕ್ಯೂ-400. 2014ರಲ್ಲಿ ಬಂದ್. 2017ರಲ್ಲಿ ಉಡಾನ್ ಅಡಿ ಟ್ರೂಜೆಟ್‌ನ ಎಟಿಆರ್. 2022ರಲ್ಲಿ ಟ್ರೂಜೆಟ್ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಬೀದರ್‌ನಲ್ಲಿ 2020ರಲ್ಲಿ ಶುರುವಾದ ಸೇವೆಯೂ ಹೀಗೇ ನಿಂತು ನಿಂತು ನಡೆದಿದೆ. ರನ್‌ವೇ ಎಲ್ಲೂ ಹೋಗಲಿಲ್ಲ, ಟರ್ಮಿನಲ್ ಅಲ್ಲೇ ಇತ್ತು. ಹೋದದ್ದು ಸರ್ವೀಸು.

ಉಡಾನ್‌ನಲ್ಲಿ ವಿಮಾನದ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇದೆ. ಶುರುವಾದಾಗ ಒಂದು ಗಂಟೆಯ ಪ್ರಯಾಣಕ್ಕೆ ಅದು 2,500 ರೂಪಾಯಿ ಇತ್ತು. ಕಂಪನಿಗಾಗುವ ನಷ್ಟವನ್ನು ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು. ಕಾರ್ಯಕ್ರಮದಲ್ಲಿ ಹಸಿರು ನಿಶಾನೆ ತೋರಿಸುವವರು ಈ ಮೂರು ವರ್ಷದ ಮಾತು ಎತ್ತುವುದಿಲ್ಲ. ನಾಲ್ಕನೇ ವರ್ಷಕ್ಕೆ ರಿಬ್ಬನ್ ಇರಲ್ಲ.

ಬೆಂಗಳೂರಿನಲ್ಲೇ ಸ್ವಂತ ಟರ್ಬೋಪ್ರಾಪ್ ಮಾಡುವ ಪ್ರಯತ್ನವೂ ನಡೆದಿತ್ತು. ಎನ್‌ಎಎಲ್‌ನ 14 ಸೀಟಿನ ‘ಸರಸ್’, ಬಾಲದ ಬಳಿ ಎರಡು ಫ್ಯಾನ್ ಇಟ್ಟುಕೊಂಡು 2004ರಲ್ಲಿ ಮೊದಲ ಬಾರಿ ಹಾರಿತು. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಅದರ ಒಂದು ಮಾದರಿ ಬಿದ್ದು ವಾಯುಪಡೆಯ ಮೂವರು ಸತ್ತರು. 2018ರಲ್ಲಿ ಮತ್ತೆ ಹಾರಿಸಿದರು. ಪ್ರಯಾಣಿಕರನ್ನು ಹೊತ್ತ ದಿನ ಇನ್ನೂ ಬಂದಿಲ್ಲ.

ಸೋಗಾನೆ ಮತ್ತು ಪಕ್ಕದ ಊರು

ಸೋಗಾನೆಯಲ್ಲಿ ಮೊದಲು ಅಡಿಗಲ್ಲು ಬಿದ್ದದ್ದು 2008ರ ಜೂನ್‌ನಲ್ಲಿ, ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದ ಹೊಸದರಲ್ಲಿ. ಖಾಸಗಿ ಪಾಲುದಾರಿಕೆಯ ಯೋಜನೆ ಕುಂಟಿ, 2015ರಲ್ಲಿ ಗುತ್ತಿಗೆ ರದ್ದಾಗಿ, 2020ರಲ್ಲಿ ಕೆಲಸ ಮತ್ತೆ ಶುರುವಾಯಿತು. ಆಗಿನ ನಕ್ಷೆ ಎಟಿಆರ್‌ಗೆ ತಕ್ಕಂಥದ್ದು. ನಡುವೆ ಏರ್‌ಬಸ್ ಇಳಿಯಬೇಕು ಎಂದು ರನ್‌ವೇ ಉದ್ದ ಮಾಡಿದರು, ಖರ್ಚೂ ಉದ್ದವಾಯಿತು. ಕೊನೆಗೆ ಸುಮಾರು 450 ಕೋಟಿ. ಉದ್ಘಾಟನೆ 2023ರ ಫೆಬ್ರವರಿ 27ರಂದು. ಯಡಿಯೂರಪ್ಪನವರಿಗೆ 80 ತುಂಬಿದ ದಿನವೂ ಅದೇ. ನಿಲ್ದಾಣಕ್ಕೆ ತಮ್ಮ ಹೆಸರು ಬೇಡ, ಕುವೆಂಪು ಹೆಸರಿಡಿ ಅಂದದ್ದು ಅವರೇ. ಅದನ್ನು ಮೆಚ್ಚಲೇಬೇಕು.

ಇಷ್ಟುದ್ದ ರನ್‌ವೇ ತಪ್ಪು ಅಂತ ನನ್ನ ವಾದವಲ್ಲ. ನಾಳೆ ಬೇಕಾಗಬಹುದು. ಆದರೆ ಶುರುವಿನಲ್ಲಿ ಅಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ವಿಮಾನ ಬಂದ ದಾರಿಗೆ ವಾಪಸ್. ಎಟಿಆರ್‌ನಲ್ಲಿ ಬರುವವರಿಗೆ ಹೆಚ್ಚುವರಿ ಒಂದು ಕಿಲೋಮೀಟರ್ ಡಾಂಬರಿಗಿಂತ ದೀಪ ಮತ್ತು ದಾರಿ ತೋರಿಸುವ ಉಪಕರಣ ಮೊದಲು ಬೇಕಿತ್ತು. ಅವು ವೇದಿಕೆಯಿಂದ ಕಾಣುವುದಿಲ್ಲ, ರನ್‌ವೇ ಕಾಣುತ್ತೆ. ಆಮೇಲೆ ಸ್ಟಾರ್ ಏರ್ ತನ್ನ ಪುಟ್ಟ ಎಂಬ್ರೇಯರ್ ಜೆಟ್‌ನಲ್ಲಿ ಹೈದರಾಬಾದ್, ಗೋವಾ, ತಿರುಪತಿಗೆ ಉಡಾನ್ ಸೇವೆ ತಂದಿತು. 2024ರಲ್ಲಿ ಸ್ಪೈಸ್‌ಜೆಟ್‌ನ ಕ್ಯೂ-400 ಕೂಡ ಬಂತು.

ನಿಲ್ದಾಣಕ್ಕೆ ಜಮೀನು ಬಿಟ್ಟುಕೊಟ್ಟ ಸೋಗಾನೆಯ ರೈತರು ನಿವೇಶನ, ಕೆಲಸ ಕೊಡ್ತೀವಿ ಅಂದಿದ್ದು ಏನಾಯ್ತು ಎಂದು ಉದ್ಘಾಟನೆಯ ಹೊತ್ತಿನಲ್ಲೂ ಕೇಳುತ್ತಿದ್ದರು. ಭದ್ರಾವತಿಯಲ್ಲಿ ಕೇಳುತ್ತಿದ್ದುದು ಬೇರೆ. ಅಲ್ಲಿನ ಎಂಪಿಎಂ ಕಾಗದ ಕಾರ್ಖಾನೆ ಆಗಲೇ ವರ್ಷಗಳಿಂದ ಸದ್ದಿಲ್ಲದೆ ನಿಂತಿತ್ತು. 1923ರಲ್ಲಿ ಉತ್ಪಾದನೆ ಶುರು ಮಾಡಿ ನೂರು ತುಂಬಿಸಿದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೈಲ್ ಪ್ರಕಟಿಸಿದ್ದು ಅದೇ 2023ರ ಜನವರಿಯಲ್ಲಿ. ಪ್ರಧಾನಿ ಬಂದು ನಿಲ್ದಾಣ ಉದ್ಘಾಟಿಸುವ ಹೊತ್ತಿಗೆ ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. ಸೋಗಾನೆ ಇರುವುದು ಈ ಎರಡೂ ಊರುಗಳ ನಡುವೆ. ಅಲ್ಲಿಂದ ಹೊರಟ ಎಟಿಆರ್ ಒಂದು ಗಂಟೆ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿರುತ್ತೆ. ಕೆಲಸ ಹುಡುಕಿಕೊಂಡು ಹೋಗೋ ಭದ್ರಾವತಿ ಹುಡುಗರು ಈಗಲೂ ಹಿಡಿಯೋದು ರೈಲು.