ಹೊಸ ಮೇಷ್ಟರ ಮೊದಲ ವರ್ಷ

ತರಬೇತಿ ಮುಗಿಸಿದ ಶಿಕ್ಷಕರಿಗೆ ಮೊದಲ ಕೆಲಸ ಹುಡುಕಿಕೊಡುವುದೂ ತರಬೇತಿಯದೇ ಭಾಗ ಎಂಬ ವಿಚಾರಕ್ಕೆ ಒಂದೂಮುಕ್ಕಾಲು ಶತಮಾನದ ವಯಸ್ಸಾಗಿದೆ. 1846ರಲ್ಲಿ ಜೇಮ್ಸ್ ಕೇ-ಷಟಲ್‌ವರ್ತ್ ಬ್ರಿಟನ್ನಿನಲ್ಲಿ ತಂದ ಪ್ಯೂಪಿಲ್ ಟೀಚರ್ ಪದ್ಧತಿಯಲ್ಲಿ 13 ವರ್ಷ ತುಂಬಿದ ಮಕ್ಕಳು ಮೇಷ್ಟರ ಕೈಕೆಳಗೆ 5 ವರ್ಷ ಪಾಠ ಹೇಳುತ್ತಲೇ ಕಲಿಯುತ್ತಿದ್ದರು. ಅವರ ಭತ್ಯೆ ಮೊದಲ ವರ್ಷ 10 ಪೌಂಡ್, ಕೊನೆಯ ವರ್ಷ 20. ಅವರನ್ನು ತಿದ್ದುವ ಮೇಷ್ಟರಿಗೂ ಬೇರೆ ಹಣ ಸಲ್ಲುತ್ತಿತ್ತು. ಯೋಜನೆಯ ಜೀವ ಇದ್ದದ್ದು ಇಲ್ಲೇ ಎನ್ನುವುದು ನನ್ನ ಅಭಿಪ್ರಾಯ. ಕಿರಿಯರನ್ನು ಬೆಳೆಸುವ ದುಡಿಮೆಗೆ ಅಲ್ಲಿ ಬೆಲೆ ಕಟ್ಟಲಾಗಿತ್ತು. ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ ಆದೇಶಪತ್ರವಾದ 1854ರ ವುಡ್ಸ್ ಡಿಸ್ಪ್ಯಾಚ್ ಇದನ್ನೇ ಭಾರತಕ್ಕೂ ಶಿಫಾರಸು ಮಾಡಿತು: ಭತ್ಯೆ, ಮೇಷ್ಟರಿಗೆ ಸಂಭಾವನೆ, ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಶಾಲೆ, ಸರ್ಟಿಫಿಕೇಟು, ಆಮೇಲೆ ಸಾಕಾಗುವಷ್ಟು ಸಂಬಳದ ಕೆಲಸ. ಇವುಗಳಲ್ಲಿ ನಮ್ಮ ನೆಲದಲ್ಲಿ ಗಟ್ಟಿಯಾಗಿ ಬೇರುಬಿಟ್ಟದ್ದು ನಾರ್ಮಲ್ ಶಾಲೆ ಮತ್ತು ಸರ್ಟಿಫಿಕೇಟು. ಇಂಗ್ಲೆಂಡೇ 1862ರಲ್ಲಿ ತನ್ನ ಯೋಜನೆಯ ಬೆನ್ನೆಲುಬು ಮುರಿಯಿತು. ಶಾಲೆಯ ಅನುದಾನದ ಬಹುಪಾಲು ಓದು, ಬರಹ, ಲೆಕ್ಕದಲ್ಲಿ ಮಕ್ಕಳು ಪಾಸಾದರಷ್ಟೇ ಎಂಬ ನಿಯಮ ಬಂದು, ಮೇಷ್ಟರಿಗೂ ಪ್ಯೂಪಿಲ್ ಟೀಚರುಗಳಿಗೂ ಸರ್ಕಾರ ನೇರವಾಗಿ ಕೊಡುತ್ತಿದ್ದ ಹಣ ನಿಂತುಹೋಯಿತು.

ಆ ಹಳೆಯ ವಿಚಾರಕ್ಕೆ ಮತ್ತೆ ಮೈಬಂದದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಹೊಸ ಶಿಕ್ಷಕರು 2 ವರ್ಷ ಪ್ರೊಬೇಷನ್ ಮುಗಿಸಬೇಕಿತ್ತು. ಎಷ್ಟೋ ಮಂದಿ ರಜೆ ಹಾಕಿದವರ ಜಾಗದಲ್ಲಿ ಇಲ್ಲಿ ಒಂದು ವಾರ, ಅಲ್ಲಿ ಒಂದು ತಿಂಗಳು ದುಡಿದು ಆ ಅವಧಿ ತುಂಬಿಸುತ್ತಿದ್ದರು. ಹೀಗೆ ಊರೂರು ಅಲೆಯುವವರ ಪಾಠವನ್ನು ಕೂತು ಕೇಳಿ ತಿದ್ದುವವರು ಯಾರು? ಶಿಕ್ಷಕರ ಸಂಬಳ, ಸೇವಾಸ್ಥಿತಿ ಪರಿಶೀಲಿಸಿದ ಮೆಕ್ರೋನ್ ಸಮಿತಿಯ ವರದಿ, ಅದರ ಬೆನ್ನಿಗೆ ಆದ 2001ರ ಒಪ್ಪಂದದ ಫಲವಾಗಿ 2002ರ ಆಗಸ್ಟ್‌ನಿಂದ ವ್ಯವಸ್ಥೆ ಬದಲಾಯಿತು. ಅಲ್ಲೇ ತರಬೇತಿ ಪಡೆದು ಅರ್ಹರಾದವರಿಗೆ ಒಂದು ಪೂರ್ತಿ ವರ್ಷದ ಹುದ್ದೆ ಖಾತ್ರಿಯಾಯಿತು. ಆರಂಭದಲ್ಲಿ ಶೇ. 70ರಷ್ಟು ಸಮಯ ತರಗತಿಗೆ, ಉಳಿದದ್ದು ಕಲಿಕೆಗೆ ಮೀಸಲಿತ್ತು. ಮಾರ್ಗದರ್ಶಕ ಶಿಕ್ಷಕರಿಗೂ ಈ ಕೆಲಸಕ್ಕೆಂದು ಪಾಠದಿಂದ ಬಿಡುವು ಸಿಕ್ಕಿತು.

ಖಾತ್ರಿ ಒಂದೇ ವರ್ಷದ್ದು, ಅದು ನಿರುದ್ಯೋಗವನ್ನು ಮುಂದೂಡುತ್ತದೆ ಅಷ್ಟೇ ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕಲಾಗದು; ಆ ವರ್ಷ ಮುಗಿಸಿದ ಎಷ್ಟೋ ಮಂದಿಗೆ ಕಾಯಂ ಹುದ್ದೆ ಸಿಗದ ಕಾಲವೂ ಅಲ್ಲಿ ಬಂತು. ಆದರೆ ಆ ತಪ್ಪು ಇರುವುದು ಮುಂದೆ ಎಷ್ಟು ಶಿಕ್ಷಕರು ಬೇಕಾದಾರು ಎಂದು ಹಾಕಿದ ಲೆಕ್ಕದಲ್ಲಿ. ಒಂದು ವರ್ಷ ತಿದ್ದಿಸಿಕೊಂಡವರಿಗೆ ಆ ಕಲಿಕೆಯಾದರೂ ಕೈಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಡಿ.ಎಡ್., ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕರಾದವರಿಗೆ ಸಿಗುವುದು ಗೌರವಧನ. ವರ್ಗಾವಣೆಯಾಗಿ ಕಾಯಂ ಮೇಷ್ಟರು ಬಂದರೆ ಅದೂ ಇಲ್ಲ. ಇವರನ್ನು ಜೊತೆಗಿದ್ದು ತಿದ್ದಲು ದುಡ್ಡೆಲ್ಲಿದೆ ಎಂದು ಕೇಳುವವರಿದ್ದಾರೆ. ಶಾಲೆಗಳ ಕ್ಲಸ್ಟರ್ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿಆರ್‌ಪಿಗಳು, ಆಗಲೇ ಇದ್ದಾರೆ, ಸಂಬಳವೂ ಸಂದಾಯವಾಗುತ್ತಿದೆ. ಮಾಹಿತಿ ಕಲೆಹಾಕುವ ಕೆಲಸದಿಂದ ಅವರನ್ನು ಬಿಡಿಸಿ, ಹೊಸಬರ ತರಗತಿಯಲ್ಲಿ ಕೂರಿಸಲು ಹೊಸ ಹುದ್ದೆಯೂ ಬೇಡ, ಹೊಸ ಅನುದಾನವೂ ಬೇಡ.