ಮನೆಯ ಕಂಪ್ಯೂಟರಿಗೊಂದು ಬೆಂಕಿಗೋಡೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ ಎಂಬುದು ನಿಮಗೆ ತಿಳಿದಿರಬಹುದು. ಅದು 'ವಂಕಿಪುರ' ಎಂಬುದರಿಂದ ಬಂದದ್ದು ಎನ್ನುವವರೂ ಇದ್ದಾರೆ. ಅದೇನೇ ಇರಲಿ, 1923ರಲ್ಲಿ ಅಲ್ಲಿನ ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆಗೆ ಬೆಂಕಿ ಬಿದ್ದಾಗ ಆ ಹಳೆಯ ಹೆಸರಿಗೆ ಹೊಸ ಅರ್ಥವೊಂದು ಕೂಡಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಿಂದ ಕರಗಿಸುತ್ತಿದ್ದ ಆ ಉರಿಯನ್ನು ಹಿಡಿದಿಟ್ಟದ್ದು ಕುಲುಮೆಯ ಒಳಮೈಗೆ ಜೋಡಿಸಿದ ಶಾಖನಿರೋಧಕ ಇಟ್ಟಿಗೆ. ಗೋಡೆ ಬೆಂಕಿಯನ್ನು ಆರಿಸುವುದಿಲ್ಲ, ಅದು ಇರಬೇಕಾದ ಕಡೆಯೇ ಇರುವಂತೆ ನೋಡಿಕೊಳ್ಳುತ್ತದೆ. ಆದರೆ ಪೂರ್ತಿ ಮುಚ್ಚಿದ ಗೋಡೆಯಿಂದ ಕುಲುಮೆ ನಡೆಯದು. ಅದಿರು ಸುರಿಯಲು ಮೇಲೊಂದು ಬಾಯಿ, ಗಾಳಿ ಊದಲು ಕೊಳವೆಗಳು, ಕಬ್ಬಿಣ ಹೊರಬರಲು ಕೆಳಗೊಂದು ಕಂಡಿ ಬೇಕೇ ಬೇಕು. ಯಾವ ಕಂಡಿಯನ್ನು ಯಾವಾಗ ತೆರೆಯಬೇಕು ಎಂಬುದನ್ನು ತಿಳಿದವರು ಪಕ್ಕದಲ್ಲಿ ನಿಂತಿರಬೇಕು.

ಕಂಪ್ಯೂಟರ್ ಲೋಕದ 'ಫೈರ್‌ವಾಲ್', ಅಂದರೆ ಬೆಂಕಿಗೋಡೆ, ಇದೇ ಬಗೆಯದು. ಕಟ್ಟಡದ ಒಂದು ಭಾಗದ ಬೆಂಕಿ ಇನ್ನೊಂದು ಭಾಗಕ್ಕೆ ಹಬ್ಬದಂತೆ ಕಟ್ಟುವ ಇಟ್ಟಿಗೆ ಗೋಡೆಯ ಹೆಸರನ್ನೇ ಎಂಜಿನಿಯರುಗಳು ಇದಕ್ಕೆ ಇಟ್ಟರು. ಈ ಗೋಡೆ ಮೊದಲು ಎಲ್ಲಿತ್ತು, ಆಮೇಲೆ ಎಲ್ಲೆಲ್ಲಿಗೆ ಸರಿಯಿತು ಎಂಬ ಚರಿತ್ರೆ ಗೊತ್ತಾದರೆ ನಿಮ್ಮ ಮನೆಯ ಅಥವಾ ಶಾಲೆಯ ಕಂಪ್ಯೂಟರಿಗೆ ಯಾವುದು ಬೇಕು, ಕೆಟ್ಟಾಗ ಏನು ಮಾಡಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ.

ಗೋಡೆ ಏನನ್ನು ನೋಡುತ್ತದೆ?

ಅಂತರಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೆ ಕಳಿಸಿದವರ ವಿಳಾಸ, ತಲಪಬೇಕಾದ ವಿಳಾಸ ಇರುತ್ತವೆ. ಜೊತೆಗೆ 'ಪೋರ್ಟ್' ಎಂಬ ಸಂಖ್ಯೆಯೂ ಇರುತ್ತದೆ. ವಿಳಾಸವನ್ನು ಮನೆಯ ಸಂಖ್ಯೆ ಎಂದುಕೊಂಡರೆ ಪೋರ್ಟ್ ಆ ಮನೆಯ ಬಾಗಿಲಿನ ಸಂಖ್ಯೆ. 0ಯಿಂದ 65,535ರವರೆಗೆ ಬಾಗಿಲುಗಳಿವೆ. ಜಾಲಪುಟಕ್ಕೆ 80 ಮತ್ತು 443, ಹೆಸರನ್ನು ವಿಳಾಸಕ್ಕೆ ಬದಲಾಯಿಸುವ ಸೇವೆಗೆ 53, ವಿಂಡೋಸ್ ಕಂಪ್ಯೂಟರುಗಳು ಕಡತ ಹಂಚಿಕೊಳ್ಳಲು 445. ಫೈರ್‌ವಾಲ್ ಈ ಸಂಖ್ಯೆಗಳನ್ನು ಓದಿ, ತನಗೆ ಕೊಟ್ಟ ನಿಯಮಗಳ ಪಟ್ಟಿಯೊಡನೆ ಹೋಲಿಸಿ, ಪೊಟ್ಟಣವನ್ನು ಬಿಡುತ್ತದೆ ಅಥವಾ ತಡೆಯುತ್ತದೆ.

ಸಂಸ್ಥೆಯ ಹೆಬ್ಬಾಗಿಲಲ್ಲಿ

1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ 'ಹುಳು' ಆಗ ಜಾಲದಲ್ಲಿದ್ದ ಸುಮಾರು 60,000 ಕಂಪ್ಯೂಟರುಗಳಲ್ಲಿ 6,000ದಷ್ಟನ್ನು ಹಿಡಿಯಿತು ಎಂದು ಅಂದಾಜು. ಹುಳು ಎಂದರೆ ಯಾರೂ ತೆರೆಯದೆ, ಯಾರೂ ಒತ್ತದೆ, ಜಾಲದ ಮೂಲಕ ತಾನಾಗಿಯೇ ಹರಡುವ ಪ್ರೋಗ್ರಾಮ್. ಅಲ್ಲಿಯವರೆಗೆ ಜಾಲವೆಂದರೆ ಪರಸ್ಪರ ಪರಿಚಯವಿದ್ದ ವಿದ್ವಾಂಸರ ಬೀದಿ. ಬಾಗಿಲು ಹಾಕುವ ರೂಢಿಯೇ ಇರಲಿಲ್ಲ.

1989ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಜೆಫ್ರಿ ಮೊಗಲ್ ಪೊಟ್ಟಣಗಳನ್ನು ಸೋಸುವ ವಿಧಾನವನ್ನು ಪ್ರಕಟಿಸಿದರು. ಬೆಲ್ ಪ್ರಯೋಗಾಲಯದ ವಿಲಿಯಂ ಚೆಸ್‌ವಿಕ್ ಮತ್ತು ಸ್ಟೀವನ್ ಬೆಲೊವಿನ್ ಸಂಸ್ಥೆಯ ಹೆಬ್ಬಾಗಿಲಲ್ಲಿ ಕಾವಲು ಕಂಪ್ಯೂಟರ್ ನಿಲ್ಲಿಸುವ ಕ್ರಮವನ್ನು ಬೆಳೆಸಿ 1994ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಅದೇ ವರ್ಷ ಇಸ್ರೇಲಿನ ಚೆಕ್ ಪಾಯಿಂಟ್ ಸಂಸ್ಥೆಯ ಫೈರ್‌ವಾಲ್ ಮಾರುಕಟ್ಟೆಗೆ ಬಂತು. ಒಳಗಿನಿಂದ ಯಾರು ಯಾರನ್ನು ಕರೆದರು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಕರೆದವರಿಗೆ ಬಂದ ಉತ್ತರವಾದರೆ ಒಳಗೆ ಬಿಡುವುದು, ಕರೆಯದೆ ಬಂದುದಾದರೆ ತಡೆಯುವುದು. ಇಂದಿನ ಎಲ್ಲ ಗೃಹ ಫೈರ್‌ವಾಲ್‌ಗಳ ತಿರುಳು ಇದೇ.

ಈ ಏರ್ಪಾಡಿನ ಕೊರತೆಯೂ ಎಂಜಿನಿಯರುಗಳಿಗೆ ಗೊತ್ತಿತ್ತು. ಮಲೆನಾಡಿನವರಿಗೆ ಹಲಸಿನ ಹಣ್ಣಿನ ಹೋಲಿಕೆ ಸಾಕು. ಹೊರಗೆ ಮುಳ್ಳು, ಒಳಗೆಲ್ಲ ಮೃದು. ಒಮ್ಮೆ ಒಳಗೆ ನುಗ್ಗಿದ ಹುಳುವಿಗೆ ಮತ್ತೆ ಅಡ್ಡಿಯಿಲ್ಲ.

ಮನೆಯೊಳಕ್ಕೆ

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳ ಮನೆಗಳಲ್ಲಿ ಅದು ಬಂದದ್ದು ದೂರವಾಣಿ ತಂತಿಯಲ್ಲಿ, ಮೋಡೆಮ್ಮಿನ ಕೀರಲು ಸದ್ದಿನೊಡನೆ. ಆ ಮೋಡೆಮ್ಮಿನಲ್ಲಿ ಯಾವ ಕಾವಲೂ ಇರಲಿಲ್ಲ. ಡಯಲ್ ಮಾಡಿದ ಕ್ಷಣದಿಂದ ಆ ಕಂಪ್ಯೂಟರಿಗೆ ಸಾಮಾನ್ಯವಾಗಿ ಜಾಲದ ನೇರ ವಿಳಾಸವೇ ದೊರೆಯುತ್ತಿತ್ತು. ಹೆಬ್ಬಾಗಿಲೂ ಇಲ್ಲ, ಜಗಲಿಯೂ ಇಲ್ಲ, ಬೀದಿಗೆ ಒರಗಿಕೊಂಡೇ ಪಡಸಾಲೆ.

ಶಿವಮೊಗ್ಗದ ದುರ್ಗಿಗುಡಿಯ ಒಬ್ಬ ಮೇಷ್ಟ್ರು 2003ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹೊಸ ಕಂಪ್ಯೂಟರಿನಿಂದ ಜಾಲಕ್ಕೆ ಹೋದರು ಎಂದುಕೊಳ್ಳೋಣ. ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ಒಂದು ಸೂಚನೆ: ಇನ್ನು 60 ಸೆಕೆಂಡಿನಲ್ಲಿ ಕಂಪ್ಯೂಟರ್ ಮುಚ್ಚಿಕೊಳ್ಳುತ್ತದೆ. ಎಣಿಕೆ ಇಳಿಯುತ್ತ ಬಂದು ಯಂತ್ರ ಮುಚ್ಚಿಕೊಂಡು ಮತ್ತೆ ಆರಂಭವಾಗುತ್ತದೆ. ಮತ್ತೆ ಡಯಲ್ ಮಾಡಿದರೆ ಅದೇ ಕಥೆ. ಮೇಷ್ಟ್ರು ಯಾವ ಕಡತವನ್ನೂ ತೆರೆದಿಲ್ಲ, ಯಾವ ಅಂಚೆಯನ್ನೂ ಓದಿಲ್ಲ. ಇದು ಆಗಸ್ಟ್ 11ರಂದು ಕಾಣಿಸಿಕೊಂಡ 'ಬ್ಲಾಸ್ಟರ್' ಹುಳು. 135ನೇ ಬಾಗಿಲಿನಿಂದ ಅದು ಬರುತ್ತಿತ್ತು.

ಇದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಕೊಟ್ಟಿತ್ತು. ಆದರೆ ಅದನ್ನು ಇಳಿಸಿಕೊಳ್ಳಲು ಜಾಲಕ್ಕೆ ಹೋಗಬೇಕು, ಜಾಲಕ್ಕೆ ಹೋದರೆ ಕಂಪ್ಯೂಟರ್ ಮುಚ್ಚಿಕೊಳ್ಳುತ್ತದೆ! ಈ ಗಂಟನ್ನು ಬಿಡಿಸಿದ್ದು ಫೈರ್‌ವಾಲ್. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಒಂದು ಫೈರ್‌ವಾಲ್ ಇದ್ದೇ ಇತ್ತು, ಆದರೆ ಸಂಪರ್ಕದ ಗುಣವಿವರದೊಳಗೆ ಒಂದು ಚೌಕದಲ್ಲಿ ಗುರುತು ಹಾಕುವವರೆಗೆ ಅದು ಮಲಗಿರುತ್ತಿತ್ತು. ಅದನ್ನು ಮೊದಲು ಎಬ್ಬಿಸಿ, ಆಮೇಲೆ ಡಯಲ್ ಮಾಡಿ, ತೇಪೆ ಇಳಿಸಿಕೊಳ್ಳುವುದೇ ದಾರಿಯಾಗಿತ್ತು. ಮರು ವರ್ಷ ಏಪ್ರಿಲ್ 30ರಂದು 445ನೇ ಬಾಗಿಲಿನಿಂದ 'ಸ್ಯಾಸರ್' ಬಂದಾಗ ಇದೇ ಪಾಠ ಪುನರಾವರ್ತನೆಯಾಯಿತು. 2004ರ ಆಗಸ್ಟಿನ ಎರಡನೇ ಸೇವಾ ಕಂತಿನಿಂದ ಎಕ್ಸ್‌ಪಿಯ ಫೈರ್‌ವಾಲ್ ತಾನಾಗಿಯೇ ಎಚ್ಚರವಾಗಿರುವಂತೆ ಬದಲಾಯಿತು.

ಈ ನಡುವೆ ಬೇರೆ ಸಂಸ್ಥೆಗಳ ವೈಯಕ್ತಿಕ ಫೈರ್‌ವಾಲ್‌ಗಳೂ ಜನಪ್ರಿಯವಾದವು. ಜೋನ್ ಅಲಾರ್ಮ್, ಬ್ಲ್ಯಾಕ್ ಐಸ್, ಸೈಗೇಟ್, ಕೆರಿಯೊ ಮುಂತಾದ ಹೆಸರುಗಳು ಹಲವರಿಗೆ ನೆನಪಿರಬಹುದು. ಜೋನ್ ಅಲಾರ್ಮ್ ಒಳಬರುವುದನ್ನು ತಡೆಯುವುದರ ಜೊತೆಗೆ ಹೊರಹೋಗುವುದನ್ನೂ ಕೇಳುತ್ತಿತ್ತು: 'ಈ ಪ್ರೋಗ್ರಾಮ್ ಜಾಲಕ್ಕೆ ಹೋಗಬಯಸುತ್ತಿದೆ, ಬಿಡಲೇ?' ಒಳಗೆ ಸೇರಿಕೊಂಡ ಕಳ್ಳ ಪ್ರೋಗ್ರಾಮನ್ನು ಹಿಡಿಯಲು ಇದು ಒಳ್ಳೆಯ ಉಪಾಯ. ಆದರೆ ಉತ್ತರ ಹೇಳಬೇಕಾದವರು ನೀವು. ಹೆಸರು ಅರ್ಥವಾಗದ ಪ್ರೋಗ್ರಾಮಿಗೆಲ್ಲ 'ಬೇಡ' ಎಂದರೆ ಜಾಲವೇ ನಿಂತುಹೋಗುತ್ತಿತ್ತು, ಎಲ್ಲಕ್ಕೂ 'ಸರಿ' ಎಂದರೆ ಗೋಡೆ ಇದ್ದೂ ಇಲ್ಲದಂತಾಗುತ್ತಿತ್ತು.

ಗೋಡೆಯೇ ಬಿರುಕು ಬಿಟ್ಟಾಗ

ಫೈರ್‌ವಾಲ್ ಕೂಡ ಒಂದು ತಂತ್ರಾಂಶ. ಅದರಲ್ಲೂ ದೋಷಗಳಿರುತ್ತವೆ. 2004ರ ಮಾರ್ಚಿನಲ್ಲಿ 'ವಿಟಿ' ಎಂಬ ಹುಳು ಬ್ಲ್ಯಾಕ್ ಐಸ್ ಮತ್ತು ಅದೇ ಸಂಸ್ಥೆಯ ಇತರ ರಕ್ಷಣಾ ತಂತ್ರಾಂಶಗಳ ದೋಷದ ಮೂಲಕವೇ ನುಗ್ಗಿ, ಸುಮಾರು 12,000 ಕಂಪ್ಯೂಟರುಗಳನ್ನು ಹಿಡಿದು, ಡಿಸ್ಕಿನ ಮಾಹಿತಿಯನ್ನು ಅಳಿಸುತ್ತ ಹೋಯಿತು. ತೇಪೆ ಅಥವಾ ದೋಷದ ಪ್ರಕಟಣೆಗೂ ಹುಳುವಿಗೂ ನಡುವಿನ ಅಂತರವನ್ನು ಹೋಲಿಸಿ ನೋಡಿ. ಬ್ಲಾಸ್ಟರ್‌ಗೆ 26 ದಿನ, ಸ್ಯಾಸರ್‌ಗೆ 17 ದಿನ, ವಿಟಿಗೆ ಒಂದೆರಡೇ ದಿನ.

ಇನ್ನೊಂದು ಪ್ರಸಂಗ 2008ರ ಜುಲೈನದು. ಡ್ಯಾನ್ ಕಮಿನ್‌ಸ್ಕಿ ಎಂಬ ತಜ್ಞರು ಹೆಸರು-ವಿಳಾಸ ಸೇವೆಯಲ್ಲಿ ಕಂಡುಹಿಡಿದ ದೊಡ್ಡ ದೋಷಕ್ಕೆ ಜುಲೈ 8ರಂದು ಹಲವು ಸಂಸ್ಥೆಗಳು ಒಟ್ಟಿಗೆ ತೇಪೆ ಬಿಡುಗಡೆ ಮಾಡಿದವು. ಆ ತೇಪೆಯಿಂದಾಗಿ ವಿಂಡೋಸ್ ತನ್ನ ಪ್ರಶ್ನೆಗಳನ್ನು ಪ್ರತಿ ಬಾರಿಯೂ ಊಹಿಸಲಾಗದ ಬೇರೆ ಬೇರೆ ಪೋರ್ಟಿನಿಂದ ಕಳಿಸತೊಡಗಿತು. ಜೋನ್ ಅಲಾರ್ಮ್‌ಗೆ ಈ ಬದಲಾವಣೆ ಹೊಂದಲಿಲ್ಲ. ಅದನ್ನು ಹಾಕಿಕೊಂಡಿದ್ದ ಎಷ್ಟೋ ಜನರ ಜಾಲಸಂಪರ್ಕ ರಾತ್ರೋರಾತ್ರಿ ನಿಂತುಹೋಯಿತು. ಕೆಲವರು ತೇಪೆಯನ್ನು ಕಿತ್ತರು, ಕೆಲವರು ಗೋಡೆಯನ್ನು ಕೆಡವಿದರು. ಆದರೆ ಕಾವಲಿನ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಕೆಲವೇ ದಿನಗಳಲ್ಲಿ ಬಂದ ಫೈರ್‌ವಾಲಿನ ಹೊಸ ಆವೃತ್ತಿಯನ್ನು ಹಾಕಿಕೊಂಡವರಿಗೆ ಎರಡೂ ಉಳಿದವು.

ಮೋಡೆಮ್ಮಿನೊಳಕ್ಕೆ

2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಆರಂಭವಾಯಿತು. ಮನೆಗೆ ಬಂದ ಹೊಸ ಮೋಡೆಮ್‌ಗಳಲ್ಲಿ ಹಲವು ಬರಿಯ ಮೋಡೆಮ್ ಆಗಿರಲಿಲ್ಲ, ವಿಳಾಸ ಬದಲಿಸುವ ಕೆಲಸವನ್ನೂ ಮಾಡುತ್ತಿದ್ದವು. 1994ರಲ್ಲಿ ಪ್ರಸ್ತಾವವಾದ ಈ ತಂತ್ರದಲ್ಲಿ ಹೊರಗಿನವರಿಗೆ ಕಾಣುವುದು ಮೋಡೆಮ್ಮಿನ ವಿಳಾಸ ಮಾತ್ರ. ಒಳಗಿನ ಕಂಪ್ಯೂಟರುಗಳಿಗೆ 192.168.1.2 ಮುಂತಾದ ಖಾಸಗಿ ವಿಳಾಸಗಳು. ವಿಳಾಸಗಳ ಕೊರತೆ ನೀಗಲೆಂದು ಹುಟ್ಟಿದ ಈ ಉಪಾಯ ಕರೆಯದೆ ಬಂದ ಪೊಟ್ಟಣಗಳನ್ನು ಬಾಗಿಲಲ್ಲೇ ನಿಲ್ಲಿಸುವ ಅಡ್ಡಗೋಡೆಯೂ ಆಯಿತು.

ಹಾಗಾದರೆ ಕಥೆ ಮುಗಿಯಿತೆ? ಇಲ್ಲ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಹುಳು ಮುಂದೆ ಪೆನ್ ಡ್ರೈವ್ ಏರಿಯೂ ಬರತೊಡಗಿತು. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದ ಪ್ರಶ್ನೆಪತ್ರಿಕೆಯ ಜೊತೆ ಜೇಬಿನಲ್ಲಿ ಬರುವ ಹುಳುವನ್ನು ಹೆಬ್ಬಾಗಿಲ ಕಾವಲು ಹೇಗೆ ತಡೆದೀತು? ಹಲಸಿನ ಹಣ್ಣನ್ನು ನೆನಪಿಸಿಕೊಳ್ಳಿ.

2017ರ ಜುಲೈ ಕೊನೆಯ ವಾರದಲ್ಲಿ ಹೊರಗಿನ ಗೋಡೆಯೇ ಕುಸಿಯಿತು. ಮುಖ್ಯವಾಗಿ ಕರ್ನಾಟಕ ವೃತ್ತದಲ್ಲಿ ಬಿಎಸ್ಸೆನ್ನೆಲ್ ಗ್ರಾಹಕರ ಮೋಡೆಮ್‌ಗಳು ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಸಂಸ್ಥೆ ಮೊದಲು ತಿಳಿಸಿದ ಸಂಖ್ಯೆ ಸುಮಾರು 2,000. ನಂತರದ ವರದಿಗಳಲ್ಲಿ ದೇಶದಲ್ಲಿ ಹಾಳಾದ ಮೋಡೆಮ್‌ಗಳ ಸಂಖ್ಯೆ 60,000 ಮೀರಿತು. ಪೆಟ್ಟು ತಿಂದವು, ತಯಾರಕರು ಕೊಟ್ಟ 'ಅಡ್ಮಿನ್' ಎಂಬ ಗುಪ್ತಪದವನ್ನೇ ಉಳಿಸಿಕೊಂಡಿದ್ದವು. ಗೋಡೆ ಗಟ್ಟಿಯಾಗಿತ್ತು, ಬೀಗದ ಕೈ ಮಾತ್ರ ಎಲ್ಲರ ಬಳಿಯೂ ಇತ್ತು. ಗುಪ್ತಪದ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಡಬೇಕಾಯಿತು.

ಆರಿಸುವುದು ಹೇಗೆ?

ಈ ಚರಿತ್ರೆಯಿಂದ ಕೆಲವು ಸರಳ ಸೂತ್ರಗಳು ದೊರೆಯುತ್ತವೆ. ವಿಂಡೋಸ್ ಜೊತೆಗೇ ಬರುವ ಫೈರ್‌ವಾಲ್ ಬಹುಪಾಲು ಮನೆಗಳಿಗೆ ಸಾಕು, ಅದು ಎಚ್ಚರವಾಗಿದೆಯೇ ಎಂದು ಮಾತ್ರ ಖಾತ್ರಿ ಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಪೊಟ್ಟಣ ಸೋಸುವ ವ್ಯವಸ್ಥೆ ಅದರ ತಿರುಳಿನಲ್ಲೇ ಇದೆ. ಹೊರಹೋಗುವ ಪ್ರೋಗ್ರಾಮುಗಳನ್ನೂ ವಿಚಾರಿಸುವ ಫೈರ್‌ವಾಲ್ ಬೇಕೆಂದರೆ ಅದರ ಪ್ರಶ್ನೆಗಳಿಗೆ ಯೋಚಿಸಿ ಉತ್ತರಿಸುವ ತಾಳ್ಮೆ ನಿಮಗಿರಬೇಕು. ಒಂದು ಕಂಪ್ಯೂಟರಿನಲ್ಲಿ ಎರಡು ಫೈರ್‌ವಾಲ್ ಬೇಡ, ಒಂದು ಬಿಟ್ಟಿದ್ದನ್ನು ಇನ್ನೊಂದು ತಡೆದು ತಲೆನೋವು ತರುತ್ತವೆ. ತೇಪೆಗಳು ಈಗಲೂ ಬರುತ್ತಿವೆಯೇ ಎಂದು ವಿಚಾರಿಸಿ. ಸೊಗಸಾಗಿದ್ದ ಸೈಗೇಟ್, 2005ರಲ್ಲಿ ಸಿಮ್ಯಾಂಟೆಕ್ ಆ ಸಂಸ್ಥೆಯನ್ನು ಕೊಂಡ ಮೇಲೆ ನಿಂತೇ ಹೋಯಿತು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಅಂಥ ಹಳೆಯ ಯಂತ್ರ ಶಾಲೆಯಲ್ಲಿದ್ದರೆ ಅದನ್ನು ಜಾಲಕ್ಕೆ ಸೇರಿಸದೆ ಬಳಸುವುದೇ ಕ್ಷೇಮ.

ಜಾಲ ನಿಂತರೆ?

ಪ್ರಯೋಗಾಲಯದ ನಿಯಮವನ್ನೇ ಪಾಲಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. 'ಪಿಂಗ್' ಎಂಬ ಆದೇಶದಿಂದ ಮೊದಲು 127.0.0.1, ಅಂದರೆ ನಿಮ್ಮ ಕಂಪ್ಯೂಟರನ್ನೇ ಕೇಳಿ. ಆಮೇಲೆ ಮೋಡೆಮ್ಮನ್ನು (ಹಲವು ಕಡೆ 192.168.1.1), ಆಮೇಲೆ ಹೊರಗಿನ ಒಂದು ವಿಳಾಸವನ್ನು ಸಂಖ್ಯೆಯಲ್ಲಿ, ಕೊನೆಗೆ ಅದೇ ತಾಣವನ್ನು ಹೆಸರಿನಲ್ಲಿ. ಉತ್ತರ ಎಲ್ಲಿ ನಿಂತಿತೋ ದೋಷವನ್ನು ಅಲ್ಲಿಂದ ಹುಡುಕಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ 53ನೇ ಬಾಗಿಲಿನ ಮೇಲೆ ಅನುಮಾನ. ಎಲ್ಲವೂ ಸರಿಯಿದ್ದು ಒಂದೇ ಪ್ರೋಗ್ರಾಮ್ ಕೆಲಸ ಮಾಡದಿದ್ದರೆ ಫೈರ್‌ವಾಲಿನ ನಿಯಮಪಟ್ಟಿಯಲ್ಲಿ ಅದರ ಹೆಸರನ್ನು ನೋಡಿ, ಎಂದೋ ಅವಸರದಲ್ಲಿ 'ಬೇಡ' ಎಂದಿರಬಹುದು. ಪಿಂಗ್ ಪೊಟ್ಟಣಗಳನ್ನೇ ತಡೆಯುವ ಯಂತ್ರಗಳೂ ಉಂಟು. ಆದ್ದರಿಂದ ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಪರೀಕ್ಷೆಗೆಂದು ಫೈರ್‌ವಾಲನ್ನು ನಿಲ್ಲಿಸಲೇಬೇಕಾದರೆ ಒಂದೆರಡು ನಿಮಿಷ ಮಾತ್ರ, ಅದೂ ಮೋಡೆಮ್ಮಿನ ಗೋಡೆಯ ಹಿಂದೆ ಇರುವಾಗ.

ತರಗತಿಯಲ್ಲಿ ಮಾಡಿ ನೋಡಿ

ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿಯನ್ನು ನೋಟ್‌ಬುಕ್ಕಿನೊಡನೆ ಕಾವಲಿಗೆ ನಿಲ್ಲಿಸಿ. ಒಳಗಿನವರು ಹೊರಗಿನವರಿಗೆ ಚೀಟಿ ಕಳಿಸಿದಾಗ ಕಾವಲಿನವನು ಇಬ್ಬರ ಹೆಸರನ್ನೂ ಬರೆದುಕೊಳ್ಳಲಿ. ಹೊರಗಿನಿಂದ ಬಂದ ಚೀಟಿಗೆ ಪುಸ್ತಕದಲ್ಲಿ ಜೋಡಿ ಇದ್ದರೆ ಮಾತ್ರ ಬಿಡಲಿ. ಹತ್ತು ನಿಮಿಷದಲ್ಲಿ ಫೈರ್‌ವಾಲಿನ ತಿರುಳು ಮಕ್ಕಳಿಗೆ ಅರ್ಥವಾಗುತ್ತದೆ. ಆಮೇಲೆ, ಒಳಗೇ ಇರುವ ಒಬ್ಬ ವಿದ್ಯಾರ್ಥಿಯ ಜೇಬಿನಲ್ಲಿ ಮೊದಲೇ ಒಂದು 'ಹುಳು' ಚೀಟಿ ಇರಿಸಿ, ಅವನು ಅದನ್ನು ಅಕ್ಕಪಕ್ಕದವರಿಗೆ ದಾಟಿಸಲಿ. ಕಾವಲಿನವನು ಏನು ಮಾಡಬಲ್ಲ ಎಂದು ತರಗತಿಯನ್ನು ಕೇಳಿ.

ಇಂದು ಸಂಜೆ ಮನೆಗೆ ಹೋದಾಗ ಎರಡು ಕೆಲಸ ಮಾಡಿ. ಕಂಪ್ಯೂಟರಿನ ಫೈರ್‌ವಾಲ್ ಎಚ್ಚರವಾಗಿದೆಯೇ ನೋಡಿ. ಮೋಡೆಮ್ಮಿನ ಗುಪ್ತಪದ ಇನ್ನೂ 'ಅಡ್ಮಿನ್' ಆಗಿದ್ದರೆ ಬದಲಿಸಿ. ಬೆಂಕಿಪುರದ ಕುಲುಮೆಯ ಬಳಿ ಕಂಡಿ ಕಾಯುತ್ತ ನಿಂತವರ ಕೆಲಸವೇ ಈಗ ನಿಮ್ಮದೂ ಆಗಿದೆ.